ಜರಿಗಿಡದ ಕ್ಯಾಪ್ಸೂಲ್ ತೆಗೆದುಕೊಂಡರೆ ಸನ್‌ಸ್ಕ್ರೀನ್ ಬಿಡಬಹುದೇ?

ಬಿಡಬೇಡಿ. ಕೆನ್ನೆ ಮೇಲೆ ಬಂಗು ಇದೆ, ಕ್ರೀಮು ಹಚ್ಚಿದರೆ ಬೆವರಿಗೆ ಅಂಟಂಟಾಗುತ್ತದೆ, ಬದಲಿಗೆ ಕ್ಯಾಪ್ಸೂಲ್ ಸಾಕಾಗುತ್ತದೆಯೇ ಎಂದು ಕೇಳಿದ್ದೀರಿ. ನಾನು ಮೆಡಿಕಲ್ ಶಾಪ್ ನಡೆಸುವವನು; ಬೇಸಿಗೆ ಶುರುವಾದರೆ ನಮ್ಮ ಕೌಂಟರಿನಲ್ಲೂ ಇದೇ ಪ್ರಶ್ನೆ.

ಆ ಕ್ಯಾಪ್ಸೂಲಿನಲ್ಲಿರುವುದು ಸಾಮಾನ್ಯವಾಗಿ ಪಾಲಿಪೋಡಿಯಂ ಲ್ಯೂಕೋಟೋಮಾಸ್ ಎಂಬ ಜರಿಗಿಡದ ಸಾರ. ಮಧ್ಯ ಅಮೆರಿಕದ ಜನ ಇದನ್ನು ಮನೆಮದ್ದಾಗಿ ಬಳಸುತ್ತಿದ್ದರು. ಸನ್‌ಸ್ಕ್ರೀನ್ ಬಾಗಿಲಲ್ಲೇ ಕಳ್ಳನನ್ನು ತಡೆದರೆ, ಇದು ಕಳ್ಳ ಒಳಗೆ ಬಂದ ಮೇಲೆ ಆಗುವ ನಷ್ಟವನ್ನು ಒಂದಿಷ್ಟು ಕಡಿಮೆ ಮಾಡುತ್ತದೆ, ಅಷ್ಟೇ. ಕಿರಣ ಚರ್ಮಕ್ಕೆ ತಾಗುವುದು ತಾಗಿಯೇ ತಾಗುತ್ತದೆ.

ಹಾಗಂತ ಬರೀ ಬೂಟಾಟಿಕೆಯೂ ಅಲ್ಲ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಈ ಸಾರ ಕುಡಿದವರ ಚರ್ಮ ನೇರಳಾತೀತ ಕಿರಣಕ್ಕೆ ಕಡಿಮೆ ಕೆಂಪಾಯಿತು, ಸುಟ್ಟ ಜೀವಕೋಶಗಳೂ ಕಡಿಮೆ ಕಂಡವು. ಆದರೆ ಪ್ರಯೋಗಕ್ಕೆ ಒಳಗಾದವರು 9 ಜನ ಮಾತ್ರ. ಕೊಟ್ಟದ್ದು ಕೆ.ಜಿ. ತೂಕಕ್ಕೆ 7.5 ಮಿ.ಗ್ರಾಂ., ಅಂದರೆ 60 ಕೆ.ಜಿ. ಇರುವವರಿಗೆ 450 ಮಿ.ಗ್ರಾಂ. ಅಂಗಡಿಯಲ್ಲಿ ಸಿಗುವ ಕ್ಯಾಪ್ಸೂಲಿನಲ್ಲಿ ಹೆಚ್ಚಾಗಿ ಇರುವುದು 240. ಬಿಸಿಲಿಗೆ ಹೋದರೆ ಸಾಕು, ಮೈಮೇಲೆ ತುರಿಕೆ ಗುಳ್ಳೆ ಏಳುತ್ತದಲ್ಲ, ಅಂಥವರಿಗೆ ಚರ್ಮವೈದ್ಯರು ಇದನ್ನು ಕ್ರೀಮಿನ ಜೊತೆಗೆ ಬರೆದುಕೊಡುವುದುಂಟು. ಬಂಗಿಗೆ? 2013ರ ಒಂದು ಪ್ರಯೋಗದಲ್ಲಿ ಇದಕ್ಕೂ ಔಷಧಿಯೇ ಇಲ್ಲದ ಹುಸಿಮಾತ್ರೆಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2018ರಲ್ಲಿ ಸಿಂಗಪುರದವರು ಬಂಗಿನ ಕ್ರೀಮು, ಸನ್‌ಸ್ಕ್ರೀನ್ ಎರಡರ ಜೊತೆಗೇ ಕೊಟ್ಟು ನೋಡಿದಾಗ ಗುಣ ಕಂಡಿತು. ಅದೇ ವರ್ಷ ಮಾತ್ರೆ ನುಂಗಿದರೆ ಬಿಸಿಲಿನಿಂದ ರಕ್ಷಣೆ ಎಂದು ಮಾರುತ್ತಿದ್ದ ಕಂಪನಿಗಳಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಪತ್ರ ಕಳಿಸಿತು.

ಗಿಡಮೂಲಿಕೆ ತಾನೇ, ಏನಾಗುತ್ತೆ ಅನ್ನುವ ಮಾತು ನನಗೆ ಹಿಡಿಸುವುದಿಲ್ಲ. ನಮ್ಮ ಗ್ರಂಥಿಗೆ ಅಂಗಡಿಗಳಲ್ಲೇ ಸಿಗುವ ಬಾವಂಚಿ ಬೀಜ ತಗೊಳ್ಳಿ. ತೊನ್ನಿಗೆ ಔಷಧಿ ಅದು. ಅದರಲ್ಲಿರುವ ಸೊರಾಲೆನ್ ಎಂಬ ರಾಸಾಯನಿಕ ಚರ್ಮವನ್ನು ಬಿಸಿಲಿಗೆ ಇನ್ನಷ್ಟು ಸೂಕ್ಷ್ಮ ಮಾಡುತ್ತದೆ. ಅದನ್ನು ತಿಂದು ಬಿಸಿಲಿಗೆ ಹೋದರೆ ಸುಟ್ಟು ಬೊಬ್ಬೆ ಬರಬಹುದು. ಹಾಗಾಗಿ 'ಹರ್ಬಲ್' ಎಂದಷ್ಟೇ ಬರೆದಿರುವ ಡಬ್ಬಿ ಬೇಡ. ಯಾವ ಗಿಡ, ಎಷ್ಟು ಮಿ.ಗ್ರಾಂ. ಎಂದು ಓದಿ ನೋಡಿ.

ಅಂಟು ಬೇಡವೆಂದರೆ ಜೆಲ್ ರೂಪದ ಸನ್‌ಸ್ಕ್ರೀನ್ ಕೇಳಿ. ಬಂಗಿಗಾದರೆ ಐರನ್ ಆಕ್ಸೈಡ್ ಇರುವ, ಮೈಬಣ್ಣದ್ದು ಒಳ್ಳೆಯದು. ಬಂಗನ್ನು ಕಪ್ಪಾಗಿಸುವ ಸಾಮಾನ್ಯ ಬೆಳಕನ್ನೂ ಅದು ತಡೆಯುತ್ತದೆ. ಕೊಡೆಯಂತೂ ಇರಲಿ. ಇಷ್ಟೆಲ್ಲ ಮಾಡಿದ ಮೇಲೂ ದುಡ್ಡು ಮಿಕ್ಕಿದರೆ ಕ್ಯಾಪ್ಸೂಲ್ ವಿಚಾರ ಡಾಕ್ಟರ ಹತ್ತಿರ ಮಾತಾಡಿ. ಗರ್ಭಿಣಿಯಾಗಿದ್ದರೆ, ಅಥವಾ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಮೊದಲೇ ಹೇಳಿಬಿಡಿ. ಬಂಗು ಹೆಚ್ಚಾಗಲು ಅದೂ ಕಾರಣವಿರಬಹುದು.