ಎಪ್ಪತ್ತು ದಾಟಿದವರಿಗೆ ಫ್ಲೂ ಇಂಜೆಕ್ಷನ್ ಹಾಕಿಸಿ ಪ್ರಯೋಜನ ಇದೆಯಾ?

ತಂದೆಗೆ 72, ಶುಗರ್ ಇದೆ, ಎದುರು ಮನೆ ಅಂಕಲ್ ಫ್ಲೂ ಇಂಜೆಕ್ಷನ್ ಹಾಕಿಸಿಕೊಂಡೂ ವಾರಗಟ್ಟಲೆ ಮಲಗಿದರು, ಹಾಗಾದ್ರೆ ದುಡ್ಡು ದಂಡ ಅಲ್ವಾ ಅಂತ ಕೇಳಿದ್ದೀರಿ.

ನಾನು ಡಾಕ್ಟರ್ ಅಲ್ಲ. ಜಯನಗರದಲ್ಲಿ ಅಮ್ಮನ ಜೊತೆ ಇದ್ದೇನೆ, ಅವರಿಗೆ ವರ್ಷಾ ವರ್ಷ ಹಾಕಿಸುತ್ತೇನೆ. ನಿಮಗೂ ಹಾಕಿಸಿ ಅಂತಲೇ ಹೇಳುತ್ತೇನೆ.

ಆ ಅಂಕಲ್‌ಗೆ ಬಂದದ್ದು ಫ್ಲೂನೇ ಅಂತ ಯಾರಾದರೂ ಟೆಸ್ಟ್ ಮಾಡಿದ್ದರಾ? ನೆಗಡಿ, ಕೆಮ್ಮು, ಜ್ವರ ತರುವ ವೈರಸ್‌ಗಳು ಬೇಕಾದಷ್ಟಿವೆ. ಈ ಇಂಜೆಕ್ಷನ್ ಇನ್‌ಫ್ಲುಯೆಂಜಾಗೆ ಮಾತ್ರ.

ಇನ್ನು ಲೆಕ್ಕ. ಲಸಿಕೆಯಲ್ಲಿರುವ ವೈರಸ್ ತಳಿಯೂ ಊರಲ್ಲಿ ಓಡಾಡುವ ತಳಿಯೂ ಹೊಂದಿದ ವರ್ಷ, ಡಾಕ್ಟರ್ ಹತ್ತಿರ ಹೋಗುವಂಥ ಫ್ಲೂ ಸುಮಾರು ಶೇ. 40ರಿಂದ 60ರಷ್ಟು ಕಡಿಮೆಯಾಗುತ್ತದೆ. ವಯಸ್ಸಾದವರಲ್ಲಿ ಅದಕ್ಕಿಂತ ಕಡಿಮೆ ಇರುವುದೇ ಜಾಸ್ತಿ, ಎಚ್3ಎನ್2 ಅನ್ನುವ ಫ್ಲೂ ವೈರಸ್ ಹೆಚ್ಚಿರುವ ವರ್ಷ ಇನ್ನೂ ಕಡಿಮೆ. ಶೇ. 40 ಅಂದರೆ ಹಾಕಿಸಿಕೊಂಡವರಲ್ಲಿ 60 ಜನಕ್ಕೆ ಫ್ಲೂ ಬರುತ್ತದೆ ಅಂತ ಎಷ್ಟೋ ಜನ ತಿಳಿದುಕೊಳ್ಳುತ್ತಾರೆ. ಇಂಜೆಕ್ಷನ್ ಇಲ್ಲದ 100 ಜನರಲ್ಲಿ 10 ಜನಕ್ಕೆ ಬರುತ್ತಿತ್ತು ಅಂದುಕೊಳ್ಳಿ, ಆ 10 ಆರಕ್ಕೆ ಇಳಿಯುತ್ತದೆ, ಅಷ್ಟೇ.

ಅಷ್ಟೇ ಆದರೂ ಸಾಕು ಅಂತ ನನಗನ್ನಿಸುವುದು ಹೃದಯದ ಕಾರಣಕ್ಕೆ. ಕೆನಡಾದ ಒಂಟಾರಿಯೊದಲ್ಲಿ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಟೆಸ್ಟ್‌ನಲ್ಲಿ ಫ್ಲೂ ಅಂತ ಖಚಿತವಾದವರಿಗೆ ಮೊದಲ ಏಳು ದಿನ ಹಾರ್ಟ್ ಅಟ್ಯಾಕ್ ಅಪಾಯ ಸುಮಾರು 6 ಪಟ್ಟು. ಶುಗರ್ ಇರುವ ಹಿರಿಯರಿಗೆ ಫ್ಲೂ ಬರೀ ಮೂರು ದಿನದ ಜ್ವರವಲ್ಲ.

ಬೆಂಗಳೂರಿನಲ್ಲಿ ಎಡವಟ್ಟಾಗುವುದು ಯಾವಾಗ ಹಾಕಿಸಬೇಕು ಅನ್ನುವುದರಲ್ಲಿ. ಅಮೆರಿಕದವರು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹಾಕಿಸುತ್ತಾರೆ, ಅಲ್ಲಿರುವ ಮಕ್ಕಳು ಇಲ್ಲಿನ ಅಪ್ಪ-ಅಮ್ಮನಿಗೂ ಆಗಲೇ ಹೇಳುತ್ತಾರೆ. ನಮ್ಮಲ್ಲಿ ಫ್ಲೂ ಮಳೆಗಾಲದಲ್ಲೇ ಏರುತ್ತದೆ, ಜನವರಿ ಆದಮೇಲೆ ಇನ್ನೊಂದು ಸುತ್ತು. ರಕ್ಷಣೆ ಕೂರಲು ಎರಡು ವಾರ ಬೇಕು, ತಿಂಗಳು ಕಳೆದಂತೆ ಅದು ಇಳಿಯುತ್ತದೆ. ಹಾಗಾಗಿ ಏಪ್ರಿಲ್-ಮೇ ನೋಡಿಕೊಳ್ಳಿ.

ನರ್ಸ್ ಫ್ರಿಜ್‌ನಿಂದ ತೆಗೆದಾಗ ನಾನು ಪೆಟ್ಟಿಗೆ ಇಸಕೊಂಡು ನೋಡುತ್ತೇನೆ. ಯಾವ ಸಾಲಿನದು ಅಂತ ಮೇಲೇ ಅಚ್ಚಾಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಉತ್ತರ ಗೋಳಾರ್ಧಕ್ಕೆ ಫೆಬ್ರವರಿಯಲ್ಲಿ, ದಕ್ಷಿಣಕ್ಕೆ ಸೆಪ್ಟೆಂಬರ್‌ನಲ್ಲಿ ಮುಂದಿನ ಲಸಿಕೆಗೆ ಯಾವ ತಳಿ ಹಾಕಬೇಕು ಅಂತ ಹೇಳುತ್ತದೆ. ಮೇ ತಿಂಗಳಿಗೆ ಹೊಸದು ಅಂದರೆ ದಕ್ಷಿಣದ್ದು. "ಎಲ್ಲಾ ಒಂದೇ ಮೇಡಂ" ಅಂತ ಒಬ್ಬರು ಹಳೇ ಸ್ಟಾಕ್ ಹಿಡಿದು ನಿಂತಿದ್ದರು, ಸುಮ್ನೆ ಬೇರೆ ಕ್ಲಿನಿಕ್‌ಗೆ ಹೋದೆವು. ಮೂರು ತಳಿಯ ಲಸಿಕೆ ಬೇಡ, ನಾಲ್ಕು ತಳಿ ಇರುವುದೇ ಬೇಕು ಅಂತ ಮಾತ್ರ ಹುಡುಕಬೇಡಿ. ಬಿ ಯಮಗಾಟ ಅನ್ನುವ ನಾಲ್ಕನೇದು 2020ರ ಮಾರ್ಚ್‌ನಿಂದ ಎಲ್ಲೂ ಖಚಿತವಾಗಿ ಕಂಡಿಲ್ಲ.

ಹಿರಿಯರಿಗೆಂದೇ ನಾಲ್ಕು ಪಟ್ಟು ಪ್ರಮಾಣದ ಹೈ ಡೋಸ್ ಒಂದಿದೆ. 65 ದಾಟಿದ ಸುಮಾರು 32,000 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ಮಾಮೂಲಿ ಡೋಸ್‌ಗಿಂತ ಶೇ. 24ರಷ್ಟು ಹೆಚ್ಚು ಫ್ಲೂ ತಡೆದಿತ್ತು. ನಾನು ವಿಚಾರಿಸಿದ ಕಡೆಯೆಲ್ಲ ಮಾಮೂಲಿಯದೇ ಇತ್ತು, ಅಮ್ಮನಿಗೆ ಅದನ್ನೇ ಹಾಕಿಸಿದೆ. ಒಂದು ದಿನ ತೋಳು ನೋವು ಅಂದರು, ಮಾರನೇ ದಿನ ಎಂದಿನಂತೆ ವಾಕಿಂಗ್ ಹೋದರು.

ಡಾಕ್ಟರ್ ಹತ್ತಿರ ಹೋದಾಗ ನ್ಯುಮೋನಿಯಾ ಲಸಿಕೆ ಬಗ್ಗೆಯೂ ಕೇಳಿ. ಅದು ಬೇರೆ, ವರ್ಷಾ ವರ್ಷ ಬೇಕಾಗಿಲ್ಲ.