ಒಂದೇ ಕಂಪನಿಯ ವೈಟ್ ವೈನ್ ಒಂದು ವರ್ಷ ಹುಳಿ ಹುಳಿ, ಇನ್ನೊಂದು ವರ್ಷ ಸಪ್ಪೆ. ಯಾಕೆ ಹೀಗೆ?

ಮುಖ್ಯ ಕಾರಣ ಆ ವರ್ಷದ ಹವೆ. ದ್ರಾಕ್ಷಿ ಹಣ್ಣಾಗುವಾಗ ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ಸೆಕೆ ಜಾಸ್ತಿಯಾಗಿ ರಾತ್ರಿಯೂ ತಂಪಾಗದಿದ್ದರೆ ಹಣ್ಣಿಗೆ ಹುಳಿ ಕೊಡುವ ಮ್ಯಾಲಿಕ್ ಆಮ್ಲ ಬೇಗ ಖರ್ಚಾಗಿಬಿಡುತ್ತದೆ. ಆಗ ವೈನಿನಲ್ಲಿ ಆಲ್ಕೋಹಾಲ್ ಹೆಚ್ಚು, ಚುರುಕು ಕಮ್ಮಿ. ವೈಟ್ ವೈನಿಗೆ ಜೀವವೇ ಆ ಹುಳಿ ಅಲ್ವಾ? 2003ರಲ್ಲಿ ಯುರೋಪಿಗೆ ವಿಪರೀತ ಸೆಕೆ ಬಂದು ಫ್ರಾನ್ಸಿನ ಎಷ್ಟೋ ಕಡೆ ಆಗಸ್ಟಿನಲ್ಲೇ ಕೊಯ್ಲು ಮಾಡಬೇಕಾಯಿತು. 2021ರಲ್ಲಿ ಉಲ್ಟಾ. ಏಪ್ರಿಲ್‌ನ ಹಿಮಗಟ್ಟುವ ಚಳಿಗೆ, ವೈಟ್ ವೈನಿಗೆ ಹೆಸರಾದ ಫ್ರಾನ್ಸಿನ ಶಾಬ್ಲಿಯಲ್ಲಿ ಚಿಗುರು ಸುಟ್ಟು ಬೆಳೆ ತೀರಾ ಕಮ್ಮಿಯಾಯಿತು, ಆದರೆ ಬೇಸಿಗೆ ತಂಪಾಗಿದ್ದರಿಂದ ಹುಳಿ ಚೆನ್ನಾಗಿ ಉಳಿಯಿತು.

ಇನ್ನು ಮಳೆ. ಕೊಯ್ಲಿನ ಹೊತ್ತಿಗೆ ಬಂದರೆ ಹಣ್ಣು ನೀರು ಕುಡಿದು ರುಚಿ ತೆಳುವಾಗುತ್ತದೆ, ಸಿಪ್ಪೆ ಒಡೆದು ಗೊಂಚಲೇ ಕೊಳೆಯುತ್ತದೆ. ಅಡಿಕೆಗೆ ಕೊಳೆ ಬಂದದ್ದು ನೋಡಿದ ತೀರ್ಥಹಳ್ಳಿ, ಹೊಸನಗರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾವು ಅಡಿಕೆ ಕೊನೆಗೆ ಹೊಡೆಯುವ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹುಟ್ಟಿದ್ದೇ 1880ರ ದಶಕದಲ್ಲಿ, ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ! ನಮ್ಮ ಮಲೆನಾಡಿನ ಮಳೆಗೆ ವೈನ್ ದ್ರಾಕ್ಷಿ ಕಷ್ಟ. ನಂದಿ ಬೆಟ್ಟದ ಕಡೆ ಮಳೆ ಮುಗಿಯುತ್ತಾ ಬಂದಾಗ ಬಳ್ಳಿ ಸವರಿ, ಬೇಸಿಗೆ ಶುರುವಿಗೆ ಕೊಯ್ಯುತ್ತಾರೆ.