ಹರಿದ ಪುಟ ಯಾರ ಲೆಕ್ಕಕ್ಕೆ?

ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಹಳ್ಳಿಯೊಂದರಿಂದ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬರೆದಿದ್ದಾಳೆ. ಅವಳ ಶಾಲೆಯ ಲೈಬ್ರರಿ ಸರ್ ಕಪಾಟು ಮುಟ್ಟಗೊಡುವುದಿಲ್ಲ. ವಾರಕ್ಕೆ ಒಂದೇ ಪುಸ್ತಕ, ಅದೂ ಅವರೇ ಆರಿಸಿ ಕೊಟ್ಟದ್ದು. ಮೊದಲೇ ಹರಿದಿದ್ದ ಪುಟಕ್ಕಾಗಿ ಎಲ್ಲರೆದುರು ಬೈದು, ಅರ್ಧ ಓದಿದ್ದ ಪುಸ್ತಕ ಕಸಿದುಕೊಂಡರಂತೆ. ‘ಇನ್ನ ಆ ಕಡೆ ಕಾಲಿಡಬಾರದು ಅನಿಸೇದ. ಏನು ಮಾಡ್ಲಿ?’ ಎಂದು ಕೇಳಿದ್ದಾಳೆ.

ತಂಗಿ,

ಮಾಡದ ತಪ್ಪಿಗೆ ನಾಲ್ಕು ಮಂದಿಯ ಮುಂದೆ ಬೈಸಿಕೊಂಡ ನೋವು ಸಣ್ಣದಲ್ಲ. ಕೇಳದೆ ಬೈದದ್ದು ಅವರ ತಪ್ಪೇ. ಆದರೂ ಲೈಬ್ರರಿ ಬಿಡಬೇಡ. ಬಿಟ್ಟರೆ ಹೋಗುವುದು ನಿನ್ನ ಓದು.

ಅವರ ಮೇಜಿನ ಮೇಲೊಂದು ದಪ್ಪ ರಜಿಸ್ಟರ್ ಇರುತ್ತದಲ್ಲ, ಅದರಲ್ಲಿ ಪ್ರತಿ ಪುಸ್ತಕಕ್ಕೂ ಒಂದು ನಂಬರ್, ಒಂದು ಬೆಲೆ. ಎಣಿಕೆಯ ಹೊತ್ತಿಗೆ ನಂಬರಿಗೆ ಪುಸ್ತಕ ಸಿಗದಿದ್ದರೆ ಉತ್ತರ ಕೊಡಬೇಕಾದವರು ಅವರು. ವರ್ಗವಾಗಿ ಹೋಗುವಾಗ ಒಂದೊಂದನ್ನೂ ತೋರಿಸಿ ಚಾರ್ಜ್ ಒಪ್ಪಿಸಬೇಕು. ಆ ದೊಡ್ಡ ದನಿಯ ಹಿಂದೆ ಬಹಳ ಸಲ ಇರುವುದು ಈ ಅಂಜಿಕೆ. ನಮ್ಮ ಸಾಲಿಯಲ್ಲೂ ಇಂಥವರೊಬ್ಬರಿದ್ದರು. ಹಳೇ ಕ್ಯಾಲೆಂಡರ್ ಹಾಳೆಯ ಹೊದಿಕೆ ಹಾಕಿ ನಾನು ಪುಸ್ತಕ ಮರಳಿಸಿದ ದಿನ ಅವರು ಏನೂ ಅನ್ನಲಿಲ್ಲ, ಹೊದಿಕೆಯ ಮೇಲೆ ಕೈ ಸವರಿದರು. ಮುಂದಿನ ವಾರ ಕೀಲಿಕೈ ನನ್ನ ಕೈಗಿಟ್ಟು ‘ನೀನೇ ತಕ್ಕೋ’ ಅಂದರು.

ಇನ್ನು ಮೇಲೆ ಪುಸ್ತಕ ಇಸಿದುಕೊಳ್ಳುವಾಗ ಅಲ್ಲೇ ನಿಂತು ಪುಟ ತಿರುವಿ ನೋಡು. ಹರಿದದ್ದು, ಗೀಚಿದ್ದು ಕಂಡರೆ ‘ಸರ್, ಈ ಪುಟ ಮೊದಲೇ ಹರದದ್ರಿ, ಬರ್ಕೊಳ್ರಿ’ ಅನ್ನು. ಹರಿದ ಕಡೆ ಸೆಲ್ಲೋಟೇಪ್ ಹಚ್ಚಬೇಡ. ಅದು ಬರುಬರುತ್ತ ಹಳದಿಯಾಗಿ ಕಾಗದವನ್ನೇ ಕೆಡಿಸುತ್ತದೆ. ತೆಳ್ಳನೆಯ ಕಾಗದದ ಪಟ್ಟಿ, ಮೈದಾ ಹಿಟ್ಟಿನ ಅಂಟು ಸಾಕು.

ಕಪಾಟಿಗೆ ಕೀಲಿ ಹಾಕುವ ವಿಷಯದಲ್ಲಿ ಮಾತ್ರ ನಾನು ಪೂರ್ತಿ ನಿನ್ನ ಕಡೆ. ಗ್ರಂಥಾಲಯ ಶಾಸ್ತ್ರದ ವಿದ್ವಾಂಸ ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಗಳಿಗೆ ಐದು ಸೂತ್ರ ಕೊಟ್ಟರು. ಪುಸ್ತಕ ಇರುವುದು ಬಳಕೆಗೆ ಎಂಬುದೇ ಮೊದಲನೆಯದು. ಬಳಸಿದರೆ ಒಂದಷ್ಟು ಕಳೆಯುತ್ತವೆ ಎಂದು ಸರ್ಕಾರವೂ ಒಪ್ಪಿದೆ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ, ವರ್ಷದಲ್ಲಿ ಓದಲು ಕೊಟ್ಟ ಸಾವಿರ ಪುಸ್ತಕಗಳಿಗೆ 5 ಕಳೆದರೆ, ಮೋಸವೋ ಅಲಕ್ಷ್ಯವೋ ಇಲ್ಲದಿದ್ದಲ್ಲಿ, ಅದು ಸಹಜ ನಷ್ಟ. ಅದು ಕೇಂದ್ರದ ಕಚೇರಿಗಳ ನಿಯಮ, ನಿಜ. ಆದರೂ ನಿಮ್ಮ ಮುಖ್ಯಗುರುಗಳನ್ನು ಈ ಪುಟದಿಂದಲೇ ಕೇಳಿಕೊಳ್ಳುತ್ತೇನೆ: ‘ಓದಿನಲ್ಲಿ ಸವೆದು ಹೋದ ಪುಸ್ತಕದ ದುಡ್ಡು ನಿಮ್ಮ ಪಗಾರದಲ್ಲಿ ಹಿಡಿಯುವುದಿಲ್ಲ’ ಎಂದು ಆ ಲೈಬ್ರರಿ ಸರ್‌ಗೆ ಮಾತು ಕೊಡಿ. ಮುಚ್ಚಿಟ್ಟದ್ದು ಉಳಿಯುತ್ತದೆ ಎಂಬ ಭರವಸೆಯಾದರೂ ಎಲ್ಲಿದೆ? ಇದೇ ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ಮನೆಮನೆಯ ತಾಡೋಲೆ ಕಟ್ಟು ಬಿಚ್ಚಿಸಿ, 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿ ವಚನಗಳನ್ನು ಅಚ್ಚಿಗೆ ತಾರದಿದ್ದರೆ, ಎಷ್ಟೋ ವಚನ ಹುಳದ ಪಾಲಾಗುತ್ತಿದ್ದವು.

ಒಬ್ಬಳೇ ಹೋಗಲು ಅಂಜಿಕೆಯಾದರೆ ನಿಮ್ಮ ಕನ್ನಡ ಅಕ್ಕೋರನ್ನು ಜೊತೆಗೆ ಕರೆದುಕೋ. ಅಲ್ಲಿಯವರೆಗೆ ಪಂಚಾಯಿತಿ ಗ್ರಂಥಾಲಯಕ್ಕೂ ಹೋಗಿ ಬಾ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ.

ಅಂದಹಾಗೆ, ಅರ್ಧಕ್ಕೆ ನಿಂತ ಆ ಪುಸ್ತಕ ಯಾವುದೆಂದು ನೀನು ಬರೆದಿಲ್ಲ. ಹೆಸರು ತಿಳಿಸು. ನಮ್ಮ ಕಚೇರಿಯ ಕಪಾಟಿನಲ್ಲಿದ್ದರೆ ಅಂಚೆಯಲ್ಲಿ ಕಳಿಸುತ್ತೇನೆ, ಓದಿ ಮುಗಿಸಿ ವಾಪಸು ಕಳಿಸು.